ಒಂದು ಮೊಟ್ಟೆಯ ಹಿಂದೆ ಎಷ್ಟು ಕೈಗಳು?



ಸರ್ಕಾರ, ದಾನಿ ಸಂಸ್ಥೆ, ಶಾಲೆ ಸೇರಿ ಒಂದು ಕೆಲಸ ಹೊತ್ತರೆ ಅದು ನಡೆಯುವುದು ಹೇಗೆ? ಉತ್ತರ ನಮ್ಮ ಆತಗೂರಿನ ಶಾಲಾ ಮಕ್ಕಳ ತಟ್ಟೆಯಲ್ಲೇ ಇದೆ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಸರ್ಕಾರ ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು ₹1,500 ಕೋಟಿ ನೀಡಲು ಒಪ್ಪಿ, ಇನ್ನೂ ನಾಲ್ಕು ದಿನದ ಹೊಣೆ ಹೊತ್ತಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಹಣ ಫೌಂಡೇಶನ್ನಿನದು, ನಿಯಮ ಇಲಾಖೆಯದು. ತಂದು, ಬೇಯಿಸಿ, ಲೆಕ್ಕ ಬರೆಯುವ ಕೆಲಸ ಶಾಲೆಯದು. ಒಂದು ಮೊಟ್ಟೆಗೆ ₹6 ನಿಗದಿಯಾಯಿತು. ಖರೀದಿ, ಸಾಗಣೆ, ಇಂಧನ, ಸುಲಿಯುವ ಕೂಲಿ ಎಲ್ಲ ಅದರಲ್ಲೇ. ಪೇಟೆಯಲ್ಲಿ ದರ ಏರಿದಾಗ ಕೊರತೆ ಮುಖ್ಯಶಿಕ್ಷಕರ ಜೇಬಿಗೆ ಬಂತು. ದರ ಏರಿದರೆ ಯಾರು ಭರಿಸಬೇಕೆಂದು ಮೊದಲೇ ಬರೆದಿಡದಿದ್ದರೆ ಹೊರೆ ಬೀಳುವುದು ಕೊನೆಯ ಕೈ ಮೇಲೆ.

ವಿದ್ಯಾರ್ಥಿವೇತನವೂ ಹೀಗೆಯೇ. ಟ್ರಸ್ಟ್, ಕಾಲೇಜು, ಸರ್ಕಾರ, ಮನೆಯವರು ಸೇರಿದರೆ ಮಾತ್ರ ಒಂದು ಮಗುವಿನ ಓದು ಪೂರ್ಣ. ಇಲ್ಲಿ ಕೊನೆಯ ಕೈ ಆ ಮಗುವಿನದೇ. ವರ್ಷದ ನಡುವೆ ಕೊರತೆ ಬಂದರೆ ನಿಲ್ಲುವುದು ಓದು.

ಆದ್ದರಿಂದ ಪೋಷಕರು ಅರ್ಜಿಯಲ್ಲಿ ಶುಲ್ಕ, ಪುಸ್ತಕ, ಬಸ್ ಪಾಸ್, ಪರೀಕ್ಷೆಯ ಖರ್ಚು ಎಲ್ಲವನ್ನೂ ಬರೆಯಿರಿ. ಬೇರೆ ಕಡೆಯ ನೆರವಿದ್ದರೆ ಮುಚ್ಚಿಡಬೇಡಿ; ಉಳಿದ ಹಣ ಇನ್ನೊಂದು ಮಗುವಿಗೆ ಆಗುತ್ತದೆ. ದಾನಿಗಳು ಸಾಧ್ಯವಾದರೆ ಕೋರ್ಸ್ ಮುಗಿಯುವವರೆಗೆ ಮಾತು ಕೊಡಿ. ಝಕಾತ್ ಎಂದರೆ ಬಡವರ ಹಕ್ಕು. ಅದನ್ನು ತಲುಪಿಸುವವರೆಗೆ ಪೈಸೆ ಪೈಸೆಗೂ ಲೆಕ್ಕ ಕೊಡಬೇಕಾದವರು ನಾವು.