ಜೀಪಿನ ಪಕ್ಕದ ಪೈಪ್: ಮೆಟ್ಟಿಲೋ, ರಕ್ಷಣೆಯೋ?

ನಮ್ಮ ಮಾಮು ಅವರಿಗೆ ಮುಳಬಾಗಿಲಿನಲ್ಲಿ ಒಂದು ಸಣ್ಣ ವೆಲ್ಡಿಂಗ್ ಅಂಗಡಿ ಇದೆ. ರಜೆಯಲ್ಲಿ ನಾನು ಅಲ್ಲಿ ಬಿಲ್ ಬರೆಯುತ್ತೇನೆ. ಹೋದ ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಕಡೆಯ ರೈತರೊಬ್ಬರು ತಮ್ಮ ಜೀಪನ್ನು ತಂದರು. ತೋಟದ ದಾರಿಯಲ್ಲಿ ಹುಲ್ಲಿನೊಳಗೆ ಅಡಗಿದ್ದ ಬಂಡೆಯ ಮೇಲೆ ಗಾಡಿ ಕೂತುಬಿಟ್ಟಿತ್ತು. ಪಕ್ಕದ ಪೈಪ್ ಮೇಲಕ್ಕೆ ಮಡಚಿ, ಬಾಗಿಲಿನ ಕೆಳಗಿನ ತಗಡನ್ನು ಒತ್ತಿ, ಬಾಗಿಲು ತೆರೆಯದಂತಾಗಿತ್ತು. ಒಳಗಿದ್ದ ಮಗಳನ್ನು ಇನ್ನೊಂದು ಬಾಗಿಲಿನಿಂದ ಇಳಿಸಿದರಂತೆ.

ಆ ಪೈಪ್ ಹಾಕಿದ್ದು ನಮ್ಮ ಮಾಮುವೇ. ಕಡಿಮೆ ಬೆಲೆಗೆ ಮಾಡಿಕೊಡಿ ಎಂದಿದ್ದಕ್ಕೆ ತೆಳು ಪೈಪನ್ನು ಬಾಡಿಯ ತಗಡಿಗೆ ಬಿಗಿದಿದ್ದರು. ಅಂದಿನಿಂದ ಅವರು ಹಾಗೆ ಹಾಕುವುದಿಲ್ಲ. ಅವರಿಂದ ನಾನು ಕಲಿತದ್ದು ಇಷ್ಟು.

ಪಕ್ಕದ ಪೈಪ್‌ಗಳಲ್ಲಿ ಎರಡು ಬಗೆ. ಒಂದು ಫುಟ್‌ಸ್ಟೆಪ್. ಅದು ಹತ್ತಿ ಇಳಿಯಲು ಮಾತ್ರ, ಒಬ್ಬ ಮನುಷ್ಯನ ಭಾರ ತಡೆದರೆ ಸಾಕು. ಇನ್ನೊಂದು ರಾಕ್ ಸ್ಲೈಡರ್. ಗಾಡಿ ಬಂಡೆಯ ಮೇಲೆ ಬಿದ್ದಾಗ ಅರ್ಧ ಗಾಡಿಯ ಭಾರವನ್ನು ಅದು ಹೊತ್ತು, ಬಂಡೆಯ ಮೇಲೆ ಜಾರಿ ಮುಂದೆ ಹೋಗಬೇಕು. ನೋಡಲು ಎರಡೂ ಒಂದೇ ತರಹ ಇರುವುದರಿಂದಲೇ ಜನ ಮೋಸ ಹೋಗುತ್ತಾರೆ. ಅಂತರಗಂಗೆ ಬೆಟ್ಟದಿಂದ ಆವಣಿಯವರೆಗೆ ನಮ್ಮ ಜಿಲ್ಲೆಯಲ್ಲಿ ಬಂಡೆಗೆ ಬರವಿಲ್ಲ. ಆದ್ದರಿಂದ ತೋಟದ ದಾರಿಯಲ್ಲಿ ಗಾಡಿ ಓಡಿಸುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಮೊದಲು ನೋಡಬೇಕಾದದ್ದು ಪೈಪನ್ನಲ್ಲ, ಅದನ್ನು ಎಲ್ಲಿಗೆ ಬಿಗಿಯುತ್ತಾರೆ ಎಂಬುದನ್ನು. ಥಾರ್, ಬೊಲೆರೊ, ಜಿಪ್ಸಿ, ಜಿಮ್ನಿ ಇವುಗಳಿಗೆ ಕೆಳಗೆ ಏಣಿಯಂತಹ ಗಟ್ಟಿ ಚಾಸಿಸ್ ಇದೆ. ಸ್ಲೈಡರ್‌ನ ಕಾಲುಗಳು ಆ ಚಾಸಿಸ್‌ಗೇ ಸೇರಬೇಕು. ಒಂದು ಪಕ್ಕಕ್ಕೆ ಕನಿಷ್ಠ ಮೂರು ಕಾಲು ಬೇಕು. ಹೆಚ್ಚಿನ ಕಾರುಗಳಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಅವುಗಳಿಗೆ ಹಾಕುವ ಪೈಪನ್ನು ಮೆಟ್ಟಿಲು ಎಂದೇ ತಿಳಿಯಿರಿ.

ಎರಡನೆಯದು ಪೈಪಿನ ದಪ್ಪ. ಗೋಡೆ 3 ಮಿ.ಮೀ.ಗಿಂತ ಕಡಿಮೆ ಇರಬಾರದು ಎನ್ನುತ್ತಾರೆ ಮಾಮು. ಬಣ್ಣ ಹೊಡೆದ ಮೇಲೆ ಇದು ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ತಕ್ಕಡಿಗೆ ಗೊತ್ತಾಗುತ್ತದೆ. ಲೆಕ್ಕ ಸುಲಭ: ಹೊರ ವ್ಯಾಸದಲ್ಲಿ ದಪ್ಪವನ್ನು ಕಳೆದು, ಬಂದದ್ದನ್ನು ದಪ್ಪದಿಂದ ಗುಣಿಸಿ, ಮತ್ತೆ 0.0246ರಿಂದ ಗುಣಿಸಿದರೆ ಒಂದು ಮೀಟರ್ ಕಬ್ಬಿಣದ ಪೈಪಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. 48 ಮಿ.ಮೀ. ವ್ಯಾಸ, 3 ಮಿ.ಮೀ. ದಪ್ಪದ ಪೈಪ್ ಮೀಟರಿಗೆ 3.3 ಕೆ.ಜಿ. ತೂಗಬೇಕು. 1.7 ಕೆ.ಜಿ. ಬಂದರೆ ಅದರ ದಪ್ಪ ಒಂದೂವರೆ ಮಿ.ಮೀ. ಮಾತ್ರ.

ಇನ್ನು ಕೂರಿಸುವ ಕ್ರಮ. ವೆಲ್ಡಿಂಗ್‌ಗಿಂತ ಬೋಲ್ಟ್ ಒಳ್ಳೆಯದು. ವೆಲ್ಡಿಂಗ್ ಬಿಸಿಗೆ ಚಾಸಿಸ್ ದುರ್ಬಲವಾಗಬಹುದು, ಮುಂದೆ ಪೈಪ್ ಬದಲಿಸುವುದೂ ಕಷ್ಟ. ಚಾಸಿಸ್‌ನಲ್ಲಿ ಮೊದಲೇ ಇರುವ ತೂತುಗಳನ್ನೇ ಬಳಸಬೇಕು. ಅದರ ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ ಹೊಸ ತೂತು ಕೊರೆಯಬಾರದು, ಭಾರದ ಒತ್ತಡ ಹೆಚ್ಚು ಬೀಳುವುದು ಅಲ್ಲಿಯೇ. ಬ್ರೇಕ್ ಮತ್ತು ಡೀಸೆಲ್ ಪೈಪ್, ವೈರ್‌ಗಳು ಎಲ್ಲಿ ಹೋಗಿವೆ ಎಂದು ಮೊದಲೇ ನೋಡಬೇಕು. ಬೋಲ್ಟ್‌ನ ತಲೆಯ ಮೇಲೆ 8.8 ಎಂದು ಇರಬೇಕು. ಕೆಲವು ದಿನ ಓಡಿಸಿದ ಮೇಲೆ ಮತ್ತೆ ಬಿಗಿಯಬೇಕು. ಪೈಪಿನ ತುದಿ ಮುಚ್ಚಿ ದುಂಡಗಿರಬೇಕು, ಟೈರಿನ ಹೊರ ಅಂಚನ್ನು ದಾಟಬಾರದು. ಇಲ್ಲವಾದರೆ ನಮ್ಮ ಗಾಡಿಯ ರಕ್ಷಣೆ ಪಕ್ಕದ ಬೈಕ್ ಸವಾರನ ಕಾಲಿಗೆ ಅಪಾಯ.

ಕೊನೆಗೆ ಪರೀಕ್ಷೆ. ಸಮ ನೆಲದಲ್ಲಿ ಇನ್ನೊಂದು ಪಕ್ಕದ ಚಕ್ರಗಳಿಗೆ ಕಲ್ಲು ಕೊಟ್ಟು, ಸ್ಲೈಡರ್ ಕೆಳಗೆ ಜಾಕ್ ಇಟ್ಟು, ಚಕ್ರ ನೆಲ ಬಿಡುವವರೆಗೆ ನಿಧಾನವಾಗಿ ಎತ್ತಿ. ಯಾರೂ ಗಾಡಿಯ ಅಡಿಗೆ ಹೋಗಬಾರದು. ಪೈಪ್ ಬಾಗದೆ, ಬಾಗಿಲು ಸಲೀಸಾಗಿ ತೆರೆದರೆ ಕೆಲಸ ಸರಿಯಾಗಿದೆ ಎಂದರ್ಥ.

ಕಾನೂನನ್ನೂ ಮರೆಯಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಮುಂಭಾಗದ ಕ್ರ್ಯಾಶ್ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳಲು 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಸೂಚಿಸಿತ್ತು. ಆದ್ದರಿಂದ ಪಕ್ಕಕ್ಕೆ ಹಾಕಿಸುವ ಮೊದಲೂ ಆರ್‌ಟಿಒ ಕಚೇರಿಯಲ್ಲಿ ಮತ್ತು ವಿಮೆಯವರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಆ ರೈತರಿಗೆ ಮಾಮು ಹೊಸ ಸ್ಲೈಡರ್ ಮಾಡಿಕೊಟ್ಟು, ಕಬ್ಬಿಣದ ದುಡ್ಡು ಮಾತ್ರ ತೆಗೆದುಕೊಂಡರು. ಕೂಲಿಯ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದೆ. "ಖಾಲಿ ಬಿಡು" ಎಂದರು. ಈಗ ಅಗ್ಗದ ಪೈಪ್ ಕೇಳಿ ಬಂದವರು ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ. ಆದರೆ ಆ ರೈತರು ತಮ್ಮ ಊರಿನಿಂದ ಇನ್ನಿಬ್ಬರನ್ನು ಕಳಿಸಿದ್ದಾರೆ. ಅಕೌಂಟೆನ್ಸಿ ತರಗತಿಯಲ್ಲಿ ಗುಡ್‌ವಿಲ್ ಪಾಠ ಬಂದಾಗ ನನಗೆ ನೆನಪಾದದ್ದು ಆ ಖಾಲಿ ಬಿಟ್ಟ ಸಾಲು.