ಪಾಸ್‌ಬುಕ್ಕಿನ ಪಕ್ಕ ಕೈತೋಟದ ಪುಸ್ತಕವೂ ಇರಲಿ

ಹಾಲು ಉತ್ಪಾದಕ ಸಹೋದರಿಯರೇ,

ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ ನಿಮ್ಮಲ್ಲಿ ಬಹಳ ಮಂದಿ ಹಿತ್ತಿಲಿಗೆ ಒಂದು ಸುತ್ತು ಹೋಗಿ ಬರುತ್ತೀರಿ. ಎರಡು ಮಡಿ ಸೊಪ್ಪು, ನಾಲ್ಕು ಬದನೆ ಗಿಡ, ಹತ್ತು ಮೆಣಸಿನ ಗಿಡ, ಚಪ್ಪರದ ಮೇಲೆ ಹೀರೆ ಬಳ್ಳಿ, ಬಚ್ಚಲ ನೀರು ಹರಿಯುವ ಕಡೆ ಬಾಳೆ, ಮೂಲೆಯಲ್ಲಿ ಒಂದು ನುಗ್ಗೆ. ಸಂತೆಗೆ ಹೋಗದೆ ಸಾರು, ಪಲ್ಯ ಆಗುವುದು ಇದರಿಂದಲೇ.

ಹೀಗಿರುವಾಗ ಒಂದು ದಿನ ಬದನೆ ಗಿಡ ಬಾಡಿ ನಿಂತಿರುತ್ತದೆ. ಆಗ ಏನು ಮಾಡುತ್ತೀರಿ? ಪಕ್ಕದ ಮನೆಯವರನ್ನು ಕೇಳಿದರೆ ಬೂದಿ ಎರಚಿ ಎನ್ನುತ್ತಾರೆ. ಫೋನಿನಲ್ಲಿ ನೋಡಿದರೆ ಒಬ್ಬರು ಹುಳಿ ಮಜ್ಜಿಗೆ, ಇನ್ನೊಬ್ಬರು ಬೆಳ್ಳುಳ್ಳಿ ಕಷಾಯ ಎನ್ನುತ್ತಾರೆ. ಕೊನೆಗೆ ಮನೆಯವರು ಪೇಟೆಗೆ ಹೋದಾಗ ಅಂಗಡಿಯಲ್ಲಿ ಕೇಳಿ ಒಂದು ಬಾಟಲಿ ಔಷಧಿ ತರುತ್ತಾರೆ. ಅದನ್ನು ಹೊಡೆದದ್ದೂ ಆಯಿತು, ಗಿಡ ಮಾತ್ರ ಉಳಿಯಲಿಲ್ಲ. ಕಿತ್ತ ಗಿಡ ತಿಪ್ಪೆಗೆ ಹೋಯಿತು, ಅದರ ಬುಡದಲ್ಲಿದ್ದ ಹಸಿ ಹುಲ್ಲು ಹಸುವಿನ ಮುಂದಕ್ಕೆ ಬಂತು.

ಬದನೆ ಗಿಡ ಹೋದರೆ ಹೋಗಲಿ. ಆದರೆ ಔಷಧಿ ಬಿದ್ದ ಹುಲ್ಲನ್ನು ಹಸು ತಿಂದಿತು, ರೋಗದ ಗಿಡ ಗೊಬ್ಬರಕ್ಕೆ ಸೇರಿತು. ನಮ್ಮಂಥ ಮನೆಗಳಲ್ಲಿ ಹಿತ್ತಿಲು ಬೇರೆ, ಕೊಟ್ಟಿಗೆ ಬೇರೆ ಅಲ್ಲ. ಕೊಟ್ಟಿಗೆಯ ಸಗಣಿ ಹಿತ್ತಿಲಿಗೆ ಹೋಗುತ್ತದೆ, ಹಿತ್ತಿಲ ಸೊಪ್ಪು ಕೊಟ್ಟಿಗೆಗೆ ಬರುತ್ತದೆ, ಅಲ್ಲಿಂದ ಹಾಲಿಗೂ ಬರುತ್ತದೆ. ಆದ್ದರಿಂದ ಕೈತೋಟದ ಬಗ್ಗೆ ಸರಿಯಾದ ಮಾಹಿತಿ ಪೇಟೆಯ ಮನೆಯವರಿಗಿಂತ ಹಸು ಕಟ್ಟಿದವರಿಗೆ ಹೆಚ್ಚು ಬೇಕು. ಮಣ್ಣು, ಬೀಜ, ಗೊಬ್ಬರ, ನೀರು, ರೋಗ, ಕೀಟ ಎಲ್ಲವೂ ಒಂದೇ ಕಡೆ ಸಿಗುವ ಒಂದು ಸಮಗ್ರ ಪುಸ್ತಕ ಮನೆಯಲ್ಲಿರಲಿ ಎಂದು ಹೇಳುವುದು ಇದಕ್ಕಾಗಿಯೇ.

ಬಾಡುವುದು ಒಂದೇ, ಕಾರಣ ನಾಲ್ಕು

ಆ ಬದನೆ ಗಿಡವನ್ನೇ ತೆಗೆದುಕೊಳ್ಳಿ. ಒಳ್ಳೆಯ ಪುಸ್ತಕದಲ್ಲಿ ಬದನೆಯ ಪುಟ ತೆರೆದರೆ ಗಿಡ ಬಾಡಲು ಒಂದಲ್ಲ, ಹಲವು ಕಾರಣ ಕಾಣುತ್ತವೆ.

ಮಧ್ಯಾಹ್ನದ ಬಿಸಿಲಿಗೆ ಬಾಡಿ ಸಂಜೆ ತಂಪಿಗೆ ಚೇತರಿಸಿಕೊಂಡರೆ ಅದು ಸಾಮಾನ್ಯವಾಗಿ ರೋಗವಲ್ಲ, ನೀರಿನ ಕೊರತೆ. ಬುಡಕ್ಕೆ ಒಣ ಎಲೆ ಅಥವಾ ಹುಲ್ಲು ಹೊದಿಸಿ ನೀರು ಕೊಟ್ಟರೆ ಸಾಕು.

ಗಿಡವೆಲ್ಲ ಚೆನ್ನಾಗಿದ್ದು ಕುಡಿ ಮಾತ್ರ ಜೋತು ಬಿದ್ದಿದ್ದರೆ ಒಳಗೆ ಕಾಯಿ ಮತ್ತು ಕುಡಿ ಕೊರೆಯುವ ಹುಳು ಇದೆ. ಹುಳು ಕಾಂಡದ ಒಳಗಿರುವುದರಿಂದ ಮೇಲೆ ಹೊಡೆದ ಔಷಧಿ ಅದನ್ನು ಮುಟ್ಟುವುದು ಕಷ್ಟ. ಬಾಡಿದ ಕುಡಿಯನ್ನು ಸ್ವಲ್ಪ ಕೆಳಗಿನಿಂದ ಚಿವುಟಿ, ತೂತು ಬಿದ್ದ ಕಾಯಿಗಳನ್ನೂ ಕಿತ್ತು ನಾಶಮಾಡಬೇಕು. ಹತ್ತು ಗಿಡದ ಹಿತ್ತಿಲಿಗೆ ವಾರಕ್ಕೆ ಎರಡು ಸಲ ಇಷ್ಟು ಮಾಡಿದರೆ ಹುಳು ಹತೋಟಿಗೆ ಬರುತ್ತದೆ.

ಎಲೆ ಹಸಿರಾಗಿರುವಾಗಲೇ ಇಡೀ ಗಿಡ ಎರಡು ಮೂರು ದಿನದಲ್ಲಿ ಸೊರಗಿದರೆ ಅದು ದುಂಡಾಣು ಸೊರಗು ರೋಗ ಇರಬಹುದು. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬುಡದ ಹತ್ತಿರ ಕಾಂಡ ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡದಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂತೆ ಬೆಳ್ಳಗೆ ಇಳಿದರೆ ಅದೇ ರೋಗ. ಸೊರಗಿದ ಗಿಡವನ್ನು ಯಾವ ಬಾಟಲಿಯೂ ಉಳಿಸುವುದಿಲ್ಲ. ಬೇರು ಸಮೇತ ಕಿತ್ತು ದೂರ ಸುಡಬೇಕು, ತಿಪ್ಪೆಗೆ ಹಾಕಬಾರದು. ಹಾಕಿದರೆ ಅದೇ ಗೊಬ್ಬರದ ಜೊತೆ ರೋಗ ಮತ್ತೆ ಹಿತ್ತಿಲಿಗೆ ಬರುತ್ತದೆ. ಆ ಮಡಿಯಲ್ಲಿ ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಮತ್ತೆ ಹಾಕಬಾರದು. ನಾಲ್ಕೂ ಒಂದೇ ಕುಲದವು, ನಾಲ್ಕಕ್ಕೂ ಈ ರೋಗ ತಗಲುತ್ತದೆ. ಅಲ್ಲಿ ಜೋಳ, ರಾಗಿ ಇಂಥ ಬೇರೆ ಕುಲದ ಬೆಳೆ ಹಾಕಿ.

ಗಿಡ ಏಳಿಗೆಯಾಗದೆ, ಕಿತ್ತು ನೋಡಿದಾಗ ಬೇರಿನ ತುಂಬ ಗಂಟು ಕಂಡರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ಆ ಜಾಗದಲ್ಲಿ ಒಂದು ಕಾಲ ಚೆಂಡು ಹೂ ಬೆಳೆಸಿ, ಬೇವಿನ ಹಿಂಡಿ ಮಣ್ಣಿಗೆ ಸೇರಿಸಿದರೆ ಜಂತು ಕಡಿಮೆಯಾಗುತ್ತದೆ.

ನೋಡಿ, ಬಾಡಿದ್ದು ಒಂದೇ ಗಿಡ, ಕಾರಣ ಮಾತ್ರ ನಾಲ್ಕು. ನಾಲ್ಕರಲ್ಲಿ ಒಂದಕ್ಕೂ ನೀವು ತಂದ ಬಾಟಲಿ ಬೇಕಿರಲಿಲ್ಲ. ಅಂಗಡಿಯವರು ನಿಮ್ಮ ಗಿಡ ನೋಡಿಲ್ಲ, ಫೋನಿನಲ್ಲಿ ಮಾತಾಡಿದವರು ನಿಮ್ಮ ಮಣ್ಣು ನೋಡಿಲ್ಲ. ಪುಸ್ತಕವೂ ನೋಡಿಲ್ಲ ನಿಜ. ಆದರೆ ಎಲ್ಲ ಕಾರಣಗಳನ್ನೂ ಅಕ್ಕಪಕ್ಕದಲ್ಲಿಟ್ಟು, ಯಾವುದು ನಿಮ್ಮದು ಎಂದು ನೀವೇ ಹೋಲಿಸಿ ನೋಡುವಂತೆ ಮಾಡುತ್ತದೆ. ಸಮಗ್ರ ಪುಸ್ತಕದ ಬೆಲೆ ಇರುವುದು ಇಲ್ಲಿ.

ಸಗಣಿಗೂ ಒಂದು ಲೆಕ್ಕ ಇದೆ

‘ನಮಗೇನು, ಸಗಣಿ ಬೇಕಾದಷ್ಟಿದೆ’ ಎಂದು ನಾವು ಹೇಳುತ್ತೇವೆ. ದೊಡ್ಡ ಹಸು ದಿನಕ್ಕೆ 10ರಿಂದ 15 ಕೆಜಿ ಸಗಣಿ ಹಾಕುತ್ತದೆ. ಆದರೆ ಹಸಿ ಸಗಣಿ ಗೊಬ್ಬರವಲ್ಲ. ಅದನ್ನು ಹಾಗೇ ಗಿಡದ ಬುಡಕ್ಕೆ ಹಾಕಿದರೆ ಗೊಣ್ಣೆ ಹುಳು, ಗೆದ್ದಲು ಬರುತ್ತವೆ, ಹಸು ತಿಂದ ಕಳೆಯ ಬೀಜವೂ ಅಲ್ಲೇ ಮೊಳೆಯುತ್ತದೆ. ಗುಂಡಿಯಲ್ಲಿ ಕಸ, ಗಂಜಲ, ಸಗಣಿ ಪದರಪದರವಾಗಿ ಸೇರಿಸಿ, ತೇವ ಆರದಂತೆ ನೋಡಿಕೊಂಡು, ಮಳೆ ಬಿಸಿಲು ನೇರವಾಗಿ ಬೀಳದಂತೆ ಮೇಲೆ ಹೊದಿಸಿ ಕೆಲವು ತಿಂಗಳು ಕೊಳೆಸಬೇಕು. ಕಪ್ಪಗಾಗಿ, ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗಿ, ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬಂದರೆ ಗೊಬ್ಬರ ಕಳಿತಿದೆ ಎಂದು ಅರ್ಥ.

ಹೀಗೆ ‘ಸ್ವಲ್ಪ ಹಾಕಿ’ ಎಂದು ಬಿಡದೆ ಅಳತೆ, ಅಂತರ, ದಿನ ಹೇಳುವುದು ಪುಸ್ತಕದ ಗುಣ. ಬೇವಿನ ಬೀಜದ ಕಷಾಯ ಎಂದರೆ ಎಷ್ಟು? ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿ, ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸೋಪಿನ ನೀರು ಸೇರಿಸಿ ಸಂಜೆ ಸಿಂಪಡಿಸುವುದು. ಬೀಜ ಇಟ್ಟುಕೊಳ್ಳಬಹುದೇ? ನಾಟಿ ತಳಿಯದಾದರೆ ಇಟ್ಟುಕೊಳ್ಳಬಹುದು, ಹೈಬ್ರಿಡ್ ಆದರೆ ಮುಂದಿನ ಸಲ ಅದೇ ಗುಣ ಬರುವುದಿಲ್ಲ. ಬೆಂಡೆ ಎಲೆಯ ನರ ಹಳದಿಯಾದರೆ? ಅದು ಬಿಳಿ ನೊಣದಿಂದ ಹರಡುವ ನಂಜು ರೋಗ. ತಗಲಿದ ಗಿಡ ವಾಸಿಯಾಗುವುದಿಲ್ಲ, ಕಿತ್ತು ಹಾಕಿ. ಮುಂದಿನ ಸಲ ಅದನ್ನು ತಡೆಯುವ ತಳಿ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ಅರ್ಕಾ ಅನಾಮಿಕಾ ಅಂಥ ತಳಿಯೆಂದೇ ಬಿಡುಗಡೆಯಾದದ್ದು. ತಳಿಯ ಹೆಸರು ಗೊತ್ತಿದ್ದರೆ ಅಂಗಡಿಯಲ್ಲಿ ಕೊಟ್ಟಿದ್ದನ್ನು ತರುವ ಬದಲು ಬೇಕಾದ್ದನ್ನು ಕೇಳಿ ತರಬಹುದು.

ಹಾಲಿಗೆ ಸಂಬಂಧಿಸಿದ ಎರಡು ಮಾತು

ಹಸುವಿಗೆ ಕೆಲವು ಇಂಜೆಕ್ಷನ್ ಕೊಟ್ಟಾಗ ಡಾಕ್ಟರು ಇಷ್ಟು ದಿನ ಹಾಲು ಡೇರಿಗೆ ಹಾಕಬೇಡಿ ಎನ್ನುತ್ತಾರಲ್ಲ, ಗಿಡಕ್ಕೆ ಹೊಡೆಯುವ ಔಷಧಿಗೂ ಅಂಥದ್ದೇ ಕಾಯುವ ಅವಧಿ ಇದೆ. ಅಷ್ಟು ದಿನ ಕಾಯಿ ಕೀಳಬಾರದು. ಔಷಧಿ ಬಿದ್ದ ಸೊಪ್ಪು, ಹುಲ್ಲು, ಬಳ್ಳಿಯನ್ನು ಹಸುವಿಗೆ ಹಾಕಲೇಬಾರದು. ಬಾಟಲಿಯ ಮೇಲಿನ ಗುರುತಿನಲ್ಲಿ ಕೆಂಪು ಬಣ್ಣ ಇದ್ದರೆ ಅದು ಕಡು ವಿಷ. ಅಂಥದ್ದಕ್ಕೆ ಹಿತ್ತಿಲಲ್ಲಿ ಜಾಗವೇ ಇಲ್ಲ.

ಎರಡನೆಯದು, ಗಿಡಗಳ ಸ್ವಂತ ವಿಷ. ಬೇಲಿಯ ಅಂದಕ್ಕೆ ನೆಟ್ಟ ಕಣಗಿಲೆಯ ಸ್ವಲ್ಪ ಎಲೆಯೇ ಹಸುವಿನ ಪ್ರಾಣ ತೆಗೆಯಬಲ್ಲದು. ಸವರಿದ ಕಣಗಿಲೆ ರೆಂಬೆಯನ್ನು ಹುಲ್ಲಿನ ಜೊತೆ ಸೇರದಂತೆ ನೋಡಿಕೊಳ್ಳಿ. ಲಂಟಾನ, ದತ್ತೂರ, ಮರಗೆಣಸಿನ ಹಸಿ ಎಲೆ, ಆಲೂಗಡ್ಡೆ ಮತ್ತು ಟೊಮೆಟೊ ಗಿಡ ಕೂಡ ಹಸುವಿಗೆ ಬೇಡ. ಈರುಳ್ಳಿ ಹೆಚ್ಚಾಗಿ ತಿಂದರೆ ರಕ್ತ ಕೆಡುತ್ತದೆ, ಹಾಲಿಗೂ ವಾಸನೆ ಬರುತ್ತದೆ. ನುಗ್ಗೆ ಸೊಪ್ಪು, ಬಲಿತ ದಂಟು, ಕ್ಯಾರೆಟ್ ಸೊಪ್ಪನ್ನು ಬೇರೆ ಮೇವಿನ ಜೊತೆ ಮಿತವಾಗಿ ಕೊಡಬಹುದು. ನಿಮ್ಮ ಪುಸ್ತಕದಲ್ಲಿ ಇದು ಇಲ್ಲದಿದ್ದರೆ ಪಶುವೈದ್ಯರನ್ನು ಕೇಳಿ ಕೊನೆಯ ಖಾಲಿ ಪುಟದಲ್ಲಿ ಬರೆದುಕೊಳ್ಳಿ.

ಎಂಥ ಪುಸ್ತಕ ಆರಿಸಬೇಕು?

ದಪ್ಪ ಇದ್ದ ಮಾತ್ರಕ್ಕೆ ಸಮಗ್ರ ಆಗುವುದಿಲ್ಲ. ಕೊಳ್ಳುವ ಮುಂಚೆ ಇಷ್ಟು ನೋಡಿ.

ನಮ್ಮ ಸೀಮೆಗೆ ಬರೆದದ್ದೇ? ತಣ್ಣನೆಯ ದೇಶದ ಪುಸ್ತಕದಲ್ಲಿ ಬಿತ್ತನೆಯ ತಿಂಗಳೇ ಬೇರೆ. ಕರ್ನಾಟಕದಲ್ಲೂ ಮಲೆನಾಡಿಗೆ ಹೇಳಿದ್ದು ಬಯಲುಸೀಮೆಗೆ ಹೊಂದುವುದಿಲ್ಲ.

ಮುದ್ರಣವಾದ ವರ್ಷ ಯಾವುದು? ಹಳೆಯ ಪುಸ್ತಕಗಳಲ್ಲಿ ಎಂಡೋಸಲ್ಫಾನ್ ಹೊಡೆಯಿರಿ ಎಂದು ಇರುತ್ತದೆ. ಅದನ್ನು ಸುಪ್ರೀಂ ಕೋರ್ಟ್ 2011ರಲ್ಲೇ ನಿಷೇಧಿಸಿದೆ. ಹಳೆಯ ಪುಸ್ತಕವೇ ಮನೆಯಲ್ಲಿದ್ದರೆ ಎಸೆಯಬೇಡಿ. ಮಣ್ಣು, ಸಸಿಮಡಿ, ಅಂತರದ ಪುಟಗಳು ಇಂದಿಗೂ ಸರಿ. ವಿಷದ ಔಷಧಿಯ ಪುಟಗಳಿಗೆ ಮಾತ್ರ ಕಾಟು ಹೊಡೆಯಿರಿ.

ರೋಗ, ಕೀಟಗಳ ಬಣ್ಣದ ಚಿತ್ರ ಇದೆಯೇ? ಕೊನೆಯಲ್ಲಿ ಅಕಾರಾದಿ ಪಟ್ಟಿ ಇದೆಯೇ? ಗಿಡ ಸಾಯುತ್ತಿರುವಾಗ ನೂರಾರು ಪುಟ ತಿರುವಿ ಹುಡುಕುವುದಕ್ಕೆ ಪುರುಸೊತ್ತು ಇರುವುದಿಲ್ಲ.

ಬರೆದವರು ಏನನ್ನಾದರೂ ಮಾರುವವರೇ? ಪ್ರತಿ ಪುಟದಲ್ಲೂ ಒಂದೇ ಕಂಪನಿಯ ಹೆಸರಿದ್ದರೆ ಅದು ಜಾಹೀರಾತು.

ಕೃಷಿ ವಿಶ್ವವಿದ್ಯಾಲಯಗಳು ಮತ್ತು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ಕನ್ನಡ ಪ್ರಕಟಣೆಗಳನ್ನು ಮೊದಲು ನೋಡಿ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ಪುಸ್ತಕ ಓದಿಯೂ ಅನುಮಾನ ಉಳಿದರೆ ಅಲ್ಲೇ ಗಿಡದ ಕೊಂಬೆ ತೋರಿಸಿ ಕೇಳಿ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೂ ಉಚಿತವಾಗಿ ಕರೆ ಮಾಡಬಹುದು.

ಒಬ್ಬರೇ ಕೊಳ್ಳಬೇಕಾಗಿಲ್ಲ

ಹಣ ಹೊಂದಿಸುವುದು ಕಷ್ಟವಾದರೆ ಸಂಘದಲ್ಲಿ ಮಾತಾಡಿ. ಹತ್ತು ಜನ ಸೇರಿ ಕೊಂಡರೆ ಒಬ್ಬೊಬ್ಬರಿಗೆ ಹೊರೆಯಾಗುವುದಿಲ್ಲ. ದಿನಕ್ಕೆ ಎರಡು ಸಲ ಎಲ್ಲರೂ ಬಂದು ಹೋಗುವ ಜಾಗ ಡೇರಿ. ಪುಸ್ತಕ ಅಲ್ಲಿಯೇ ಇರಲಿ. ಓದಲು ಬಾರದವರು ಹಿಂಜರಿಯಬೇಡಿ, ಶಾಲೆಗೆ ಹೋಗುವ ಮಗಳ ಕೈಗೆ ಕೊಟ್ಟು ಓದಿಸಿ. ಅವಳು ಓದುತ್ತಾಳೆ, ನಿಮ್ಮ ಅನುಭವದಿಂದ ಅದು ಸರಿಯೇ ಎಂದು ನೀವು ಹೇಳುತ್ತೀರಿ. ಬಿತ್ತಿದ ದಿನ, ಮಳೆ ನಕ್ಷತ್ರ, ಬಂದ ರೋಗ, ಮಾಡಿದ ಉಪಾಯ, ಕೊನೆಗೆ ಆದದ್ದು ಇಷ್ಟನ್ನು ಅಂಚಿನಲ್ಲಿ ಬರೆಸಿ. ನಾಲ್ಕು ವರ್ಷದಲ್ಲಿ ಅದು ನಿಮ್ಮ ಊರಿನದೇ ಪುಸ್ತಕವಾಗುತ್ತದೆ.

ಇದು ನಮಗೆ ಹೊಸದೇನೂ ಅಲ್ಲ. ಸಾವಿರ ವರ್ಷದ ಹಿಂದೆ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದ. ನೀರಿನ ಸೆಲೆ ಹುಡುಕುವುದು, ಗಿಡಮರಗಳ ಆರೈಕೆ, ಅಡುಗೆ, ಮನುಷ್ಯರ ಮತ್ತು ದನಕರುಗಳ ಮದ್ದು ಎಲ್ಲವನ್ನೂ ಒಂದೇ ಗ್ರಂಥದಲ್ಲಿ ಸೇರಿಸಿದ. ಹಿತ್ತಿಲು, ಒಲೆ, ಕೊಟ್ಟಿಗೆ ಮೂರೂ ಒಂದೇ ಸಂಸಾರ ಎಂಬುದು ಆಗಲೇ ತಿಳಿದಿತ್ತು.

‘ದೇಶ ಸುತ್ತು, ಕೋಶ ಓದು’ ಎನ್ನುತ್ತಾರೆ. ಎರಡು ಹೊತ್ತು ಹಾಲು ಕರೆಯುವ ನಮಗೆ ತವರಿಗೆ ಹೋಗಿ ಒಂದು ರಾತ್ರಿ ಉಳಿಯುವುದೂ ಕಷ್ಟ, ಇನ್ನು ದೇಶ ಸುತ್ತುವುದು ಎಲ್ಲಿ? ಕೋಶವಾದರೂ ಮನೆಗೆ ಬರಲಿ. ಈ ಸಲದ ಬಟವಾಡೆಯಲ್ಲಿ ಸ್ವಲ್ಪ ಎತ್ತಿಟ್ಟು, ಪಾಸ್‌ಬುಕ್ಕಿನ ಪಕ್ಕದಲ್ಲಿ ಒಂದು ಕೈತೋಟದ ಪುಸ್ತಕಕ್ಕೂ ಜಾಗ ಮಾಡಿ. ಮುಂದಿನ ಸಲ ಬದನೆ ಗಿಡ ಬಾಡಿದಾಗ ಪೇಟೆಗೆ ಹೋಗುವವರ ಕೈಗೆ ದುಡ್ಡು ಕೊಡುವ ಮುಂಚೆ ಒಂದು ಗಾಜಿನ ಲೋಟದಲ್ಲಿ ತಿಳಿನೀರು ತೆಗೆದುಕೊಳ್ಳಿ.