ಗದ್ದೆ ಕೆಡಾದಲ್ಲಿ, ಮಕ್ಕಳು ಪೆನಾಂಗ್‌ನಲ್ಲಿ

ಪೆನಾಂಗ್‌ಗೆ ಕೆಲಸಕ್ಕೆ ಬಂದ ಹೊಸತರಲ್ಲಿ ಬ್ರಹ್ಮಾವರದಿಂದ ಅಮ್ಮ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ: ‘ಅಲ್ಲ್ ಉಂಬುಕೆ ಅಕ್ಕಿ ಸಿಕ್ಕತ್ತಾ ಮಗಾ?’ ಮಲೇಷ್ಯಾದ ಅಕ್ಕಿ ಕಣಜವೇ ಒಂದೂವರೆ ಗಂಟೆಯ ದಾರಿಯಲ್ಲಿದೆ ಎಂದು ಆಗ ನನಗೂ ತಿಳಿದಿರಲಿಲ್ಲ. ಕೊನೆಗೆ ಕರೆದುಕೊಂಡು ಹೋದದ್ದು ಜೊತೆಯಲ್ಲಿ ಕೆಲಸ ಮಾಡುವ ಮಲಯ್ ಗೆಳೆಯ. ಅವನ ಊರು ಕೆಡಾ ರಾಜ್ಯದ ಯಾನ್.

ಯಾನ್ ಸಣ್ಣ ಪೇಟೆ. ಬೆನ್ನಿಗೆ 1,217 ಮೀಟರ್ ಎತ್ತರದ ಜೆರಾಯ್ ಬೆಟ್ಟ, ಎದುರಿಗೆ ಮಲಕ್ಕಾ ಜಲಸಂಧಿ, ಉತ್ತರಕ್ಕೆ ಕಣ್ಣು ಹಾಯುವಷ್ಟೂ ಗದ್ದೆ. ಕರಾವಳಿಯವನಿಗೆ ಇಲ್ಲಿ ಹೊಸತೆನಿಸುವುದು ಕಡಿಮೆ. ಮಾತೂ ಹಾಗೆಯೇ. ನಮಗೆ ಭತ್ತ, ಅಕ್ಕಿ, ಅನ್ನ ಬೇರೆ ಬೇರೆ ಇದ್ದಂತೆ ಅವರಿಗೆ ಪಾಡಿ, ಬೆರಾಸ್, ನಾಸಿ. ಗದ್ದೆಗೆ ಬೆಂಡಾಂಗ್, ಬದುವಿಗೆ ಬಾತಾಸ್. ನಮ್ಮ ಮುಯ್ಯಾಳಿನ ಪದ್ಧತಿಗೂ ಅವರಲ್ಲಿ ಹೆಸರಿದೆ, ದೆರಾವ್. ಇಂದು ನನ್ನ ಗದ್ದೆಗೆ ನೀವು, ನಾಳೆ ನಿಮ್ಮದಕ್ಕೆ ನಾನು. ‘ಈಗ ಆ ಪದ ಮಾತ್ರ ಉಳಿದಿದೆ’ ಎಂದರು ಗೆಳೆಯನ ತಂದೆ. ವಯಸ್ಸು ಎಪ್ಪತ್ತು ದಾಟಿದೆ. ನಾವೆಲ್ಲ ಅವರನ್ನು ‘ಪಾಕ್‌ಚಿಕ್’ ಎಂದು ಕರೆಯುತ್ತೇವೆ, ನಮ್ಮಲ್ಲಿ ಚಿಕ್ಕಪ್ಪ ಎನ್ನುವ ಹಾಗೆ.

ಅವರು ಹುಡುಗನಾಗಿದ್ದಾಗ ಇಲ್ಲಿ ಮಳೆ ನಂಬಿ ವರ್ಷಕ್ಕೊಂದು ಬೆಳೆ. ವಿಶ್ವಬ್ಯಾಂಕ್ ಸಾಲದಿಂದ ಮುಡಾ ಮತ್ತು ಪೆಡು ಅಣೆಕಟ್ಟುಗಳು ಎದ್ದು, 1970ರಿಂದ ಕಾಲುವೆಯಲ್ಲಿ ನೀರು ಬಂತು. ಲಕ್ಷ ಹೆಕ್ಟೇರ್‌ಗೆ ಸಮೀಪದ ಬಯಲು ಎರಡು ಬೆಳೆಗೆ ತಿರುಗಿತು. ಬಡವರ ಮನೆಯಲ್ಲೂ ಕೆಲವು ವರ್ಷ ಕೈತುಂಬ ಕೂಲಿ. ಅಷ್ಟರಲ್ಲಿ ಕಟಾವು ಯಂತ್ರಗಳು ಬಂದವು. 1980ರ ಹೊತ್ತಿಗೆ ಸುಮಾರು ನೂರಕ್ಕೆ ಎಂಬತ್ತು ಪಾಲು ಬೆಳೆಯನ್ನು ಅವೇ ಕೊಯ್ಯುತ್ತಿದ್ದವು. ಅಮೆರಿಕದ ವಿದ್ವಾಂಸ ಜೇಮ್ಸ್ ಸ್ಕಾಟ್ 1978ರಿಂದ 80ರವರೆಗೆ ಈ ಬಯಲಿನ ಹಳ್ಳಿಯೊಂದರಲ್ಲಿ ಉಳಿದು, ಅದಕ್ಕೆ ‘ಸೆಡಾಕ’ ಎಂದು ಮರೆಹೆಸರಿಟ್ಟು, 1985ರಲ್ಲಿ ಬರೆದ ‘ವೆಪನ್ಸ್ ಆಫ್ ದಿ ವೀಕ್’ ಪುಸ್ತಕ ಕೂಲಿ ಕಳೆದುಕೊಂಡ ಆ ಜನರದ್ದೇ ಕಥೆ. ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಅದನ್ನು ಓದುತ್ತಾರೆ. ಪಾಕ್‌ಚಿಕ್ ಓದಿಲ್ಲ. ‘ಓದುವುದೇನು, ನನ್ನ ಅಕ್ಕನೇ ಕೊಯ್ಲಿಗೆ ಹೋಗುತ್ತಿದ್ದಳು’ ಎಂದು ನಕ್ಕರು.

ಅವರದು ಏಳು ರೆಲೊಂಗ್, ನಮ್ಮ ಲೆಕ್ಕದಲ್ಲಿ ಐದು ಎಕರೆ. ನಾವು ಹೋದ ದಿನ ಕಟಾವು. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಅರ್ಧ ಗದ್ದೆ ಬೋಳಾಗಿತ್ತು. ಯಂತ್ರ ಭತ್ತವನ್ನು ನೇರ ಲಾರಿಗೆ ಸುರಿಯುತ್ತದೆ. ಯಜಮಾನ ಬದುವಿನ ಮೇಲೆ ಕೈಕಟ್ಟಿ ನಿಂತು ನೋಡುವುದಷ್ಟೆ. ಬಿತ್ತನೆಯೂ ಎರಚುವುದೇ, ನೇಜಿ ನೆಡುವುದು ಅಪರೂಪ. ಗದ್ದೆಯಲ್ಲಿ ಸಾಲಾಗಿ ಕಂಡದ್ದು ಹೆಂಗಸರಲ್ಲ, ಬಸವನಹುಳ ಹೆಕ್ಕುವ ಓಪನ್‌ಬಿಲ್ ಕೊಕ್ಕರೆಗಳು. ಅವನ್ನು ನಮ್ಮ ರಂಗನತಿಟ್ಟಿನಲ್ಲೂ ನೋಡಿದ್ದೇನೆ.

ಆದಾಯ? ಸರ್ಕಾರ 2025ರಲ್ಲಿ ಭತ್ತದ ಕನಿಷ್ಠ ಬೆಲೆಯನ್ನು ಟನ್ನಿಗೆ 1,300ರಿಂದ 1,500 ರಿಂಗಿಟ್‌ಗೆ ಏರಿಸಿತು. ಕ್ವಿಂಟಲಿಗೆ 150 ರಿಂಗಿಟ್ ಆಯಿತು. ಕೇಳಲು ಚೆನ್ನ. ಆದರೆ ಗಿರಣಿಯಲ್ಲಿ ತೇವ, ಕಸ ಎಂದು ತೂಕದಲ್ಲಿ ಕಡಿತ ಮಾಡುತ್ತಾರೆ. ಉಳಿದದ್ದರಲ್ಲಿ ಯಂತ್ರದ ಬಾಡಿಗೆ, ಔಷಧಿ. ಗೊಬ್ಬರಕ್ಕೆ ಸಬ್ಸಿಡಿ ಇಲ್ಲದಿದ್ದರೆ ಯಾವತ್ತೋ ಬಿಡುತ್ತಿದ್ದೆ ಎನ್ನುತ್ತಾರೆ ಪಾಕ್‌ಚಿಕ್.

2023ರ ಜುಲೈಯಲ್ಲಿ ಭಾರತ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದ್ದು ಇಲ್ಲಿ ಎಲ್ಲರಿಗೂ ನೆನಪಿದೆ. ಸೆಪ್ಟೆಂಬರಿನಲ್ಲಿ ಆಮದು ಅಕ್ಕಿ ಟನ್ನಿಗೆ 2,350ರಿಂದ 3,200 ರಿಂಗಿಟ್‌ಗೆ ಜಿಗಿಯಿತು. ಸ್ಥಳೀಯ ಅಕ್ಕಿಗೆ ಹತ್ತು ಕಿಲೋಗೆ 26 ರಿಂಗಿಟ್ ಎಂದು ಸರ್ಕಾರವೇ ಬೆಲೆ ಕಟ್ಟಿತ್ತು. ಹೀಗಾಗಿ ಎಲ್ಲರೂ ಅದಕ್ಕೇ ಮುಗಿಬಿದ್ದು ಅಂಗಡಿ ಖಾಲಿ. ನಾನೂ ಪೆನಾಂಗ್‌ನಲ್ಲಿ ಮೂರು ಅಂಗಡಿ ಅಲೆದವನೇ. ‘ನಿಮ್ಮವರೇ ಕೊಡಲಿಲ್ಲ’ ಎಂದು ಪಾಕ್‌ಚಿಕ್ ಈಗಲೂ ಕಾಲೆಳೆಯುತ್ತಾರೆ.

ಮೂವರು ಮಕ್ಕಳಲ್ಲಿ ಇಬ್ಬರು ಪೆನಾಂಗ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ, ಮಗಳು ಕೌಲಾಲಂಪುರದಲ್ಲಿ. ಶನಿವಾರ ಬಂದು ಭಾನುವಾರ ಹೋಗುತ್ತಾರೆ. ಗದ್ದೆ ಬೇಕೆಂದು ಕೇಳಿದವರಿಲ್ಲ. ಹಾಗೆಂದು ಅದು ಪಾಳು ಬೀಳುವುದಿಲ್ಲ, ನೂರಾರು ರೆಲೊಂಗ್ ಒಟ್ಟಿಗೆ ಗೇಣಿಗೆ ಹಿಡಿಯುವ ದೊಡ್ಡವರು ಈಗಾಗಲೇ ಕೇಳಿಯಾಗಿದೆ.

ಸಂಜೆ ಜಗಲಿಯಲ್ಲಿ ಕಾಫಿ ಕುಡಿಯುತ್ತ ಪಾಕ್‌ಚಿಕ್ ನನ್ನನ್ನು ಕೇಳಿದರು: ‘ನಿಮ್ಮ ಗದ್ದೆ ಈಗ ಯಾರು ಮಾಡುತ್ತಾರೆ?’

ಹಡಿಲು ಬಿದ್ದಿದೆ ಎನ್ನಲು ನನಗೆ ಮಲಯ್ ಪದ ಬರಲಿಲ್ಲ. ಗೆಳೆಯ ವಿವರಿಸಿ ಹೇಳಿದ. ‘ಎಷ್ಟು ವರ್ಷದಿಂದ?’ ಎಂದರು. ಅಪ್ಪ ಹೋದ ಮೇಲೆ, ಆರು ವರ್ಷ. ಅವರು ಏನೂ ಹೇಳಲಿಲ್ಲ. ಹೊರಡುವಾಗ ಕಾರಿನ ಡಿಕ್ಕಿಯಲ್ಲಿ ಹತ್ತು ಕಿಲೋ ಅಕ್ಕಿ ಇಟ್ಟು, ‘ನಿಮ್ಮ ಅಮ್ಮನಿಗೆ ಹೇಳು, ಅಕ್ಕಿ ಸಿಗುತ್ತದೆ ಅಂತ’ ಎಂದರು.